ಡೀಸೆಲ್ ಟಾಕಿಯ ಮಡಿ

ಡೀಸೆಲ್ ಟಾಕಿಯನ್ನು ಮಡಿಯಲ್ಲಿಟ್ಟ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ ಆಗಿಹೋಗಿದ್ದಾನೆ. ಆತ ನನ್ನ ಅಕ್ಕನ ಗಂಡ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದಲೋ ನನಗೇ ಇನ್ನೂ ಗೊತ್ತಾಗಿಲ್ಲ. ದೇವರ ನೈವೇದ್ಯಕ್ಕೆ ಮಡಿ ಉಂಟು, ಉಪ್ಪಿನಕಾಯಿ ಭರಣಿಗೆ ಮಡಿ ಉಂಟು, ಹಪ್ಪಳ ಒಣಗುವ ಮಾಳಿಗೆಗೂ ಮಡಿ ಉಂಟು. ಆದರೆ ಹಿಟ್ಟಿನ ಗಿರಣಿಯ ಎಂಜಿನ್ನಿಗೆ ಎಣ್ಣೆ ಕುಡಿಸುವ ತಗಡಿನ ಟಾಕಿಗೆ? ಅಕ್ಕನ ಊರು ಮಕ್ತಲಿನಲ್ಲಿ ಅದಕ್ಕೂ ಇತ್ತು. ಬೆಳಗ್ಗೆ ಹನುಮಪ್ಪನ ಗುಡಿಯ ಪೂಜೆ ಮುಗಿಸಿದ ಭಾವ, ಹಣೆಯ ಮೇಲಿನ ಅಂಗಾರ ಅಕ್ಷತೆ ಆರುವ ಮುಂಚೆಯೇ ಗಿರಣಿಗೆ ನಡೆದು, ಟಾಕಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ತಳದ ತಿರುಪನ್ನು ಸಡಿಲಿಸಿ, ಹಿತ್ತಾಳೆ ಬಟ್ಟಲಿಗೆ ಒಂದಿಷ್ಟು ಇಳಿಸಿ, ಬೆಳಕಿಗೆ ಹಿಡಿದು ನೋಡುವರು. ಬಟ್ಟಲಲ್ಲಿ ನೀರಿನ ಹನಿ ಕಂಡರೆ ಆ ದಿನ ಮನೆಯಲ್ಲಿ ಯಾರೂ ಜೋರಾಗಿ ನಗುವಂತಿರಲಿಲ್ಲ.

ಗಿರಣಿ ಭಾವನದಲ್ಲ. ಅದು ಗೋಡೆಯಾಚೆಯ ಸಾಹೇಬರದು. ಊರೆಲ್ಲ ಅವರನ್ನು ಗಿರಣಿ ಸಾಹೇಬರು ಎಂದೇ ಕರೆಯುತ್ತಿತ್ತು. ಅವರ ಗಿರಣಿಯ ಹಿಟ್ಟು ನಮ್ಮ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ, ಮಡಿಗೆ ಬರುವುದಿಲ್ಲವಲ್ಲ! ಪಕ್ಕದಲ್ಲೇ ಎಂಜಿನ್ ಟುಕ್ ಟುಕ್ ಎನ್ನುತ್ತಿರುವಾಗ ನಮ್ಮಕ್ಕ ಬೀಸುಕಲ್ಲಿನ ಮುಂದೆ ಬೆವರು ಸುರಿಸುತ್ತಿದ್ದಳು.

ಸಾಹೇಬರು ಗೋಡೆಯ ಮೇಲಿನಿಂದ ತಲೆ ಹಾಕಿ, "ಆಚಾರ್ರೇ, ಪಕ್ಕದಾಗ ಗಿರಣಿ ಇಟ್ಕೊಂಡು ನಮ್ಮ ತಂಗಿ ಕೈಲೆ ಕಲ್ಲು ತಿರುವಸ್ತೀರಲ್ಲ, ನಿಜಾಮ ಸರಕಾರದಾಗ ಸುದ್ದಾ ಇಂಥಾ ಜುಲುಮ್ ಇಲ್ಲರಿ" ಎನ್ನುವರು.

"ನಿಮ್ಮ ಎಂಜಿನ್ ಸ್ನಾನ ಮಾಡ್ತದೇನ್ರಿ, ಸಾಹೇಬ್ರ?" ಎಂದು ಭಾವ.

"ಅದು ಎಣ್ಣಿಸ್ನಾನ ಮಾಡ್ತದ, ದಿನಾ. ನೀವು ದೀಪಾವಳಿಗೊಮ್ಮೆ ಮಾಡ್ತೀರಿ."

ಈ ವಾದ ಹತ್ತಾರು ವರ್ಷ ನಡೆಯಿತು. ಇಬ್ಬರಲ್ಲಿ ಒಬ್ಬರೂ ಗೆಲ್ಲಲಿಲ್ಲ, ಇಬ್ಬರಿಗೂ ಗೆಲ್ಲುವ ಅವಸರವಿದ್ದಂತೆಯೂ ಕಾಣಲಿಲ್ಲ.

ರಜಾಕಾರರ ಹಾವಳಿಯ ತಿಂಗಳುಗಳಲ್ಲಿ ಭಾವ ನಮ್ಮನ್ನೆಲ್ಲ ಕಟ್ಟಿಕೊಂಡು ತುಂಗಭದ್ರೆ ದಾಟಿ ಮಂತ್ರಾಲಯದಲ್ಲಿ ಕೂತರು. ಮನೆಯ ಕೀಲಿಕೈ ಸಾಹೇಬರ ಹತ್ತಿರ. ಪೊಲೀಸ್ ಆ್ಯಕ್ಷನ್ ಮುಗಿದು ನಾವು ತಿರುಗಿ ಬಂದಾಗ ಮನೆಯ ಒಂದು ಹೆಂಚೂ ಕದಲಿರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ ಅಂಗಳದ ತುಳಸಿ ಹಸಿರಾಗಿತ್ತು. ಗೋಡೆಗೆ ಒರಗಿಸಿದ ಒಂದು ಉದ್ದನೆಯ ಬಿದಿರು ನಳಿಗೆ ಕಂಡಿತು. ಸಾಹೇಬರು ತಮ್ಮ ಅಂಗಳದಲ್ಲಿ ನಿಂತು, ನಳಿಗೆಯನ್ನು ಗೋಡೆಯ ಮೇಲಿಂದ ಚಾಚಿ, ಕಟ್ಟೆಗೆ ನೀರು ಹರಿಸುತ್ತಿದ್ದರಂತೆ.

ಭಾವ ಕೇಳಿದರು: "ಕೀಲಿ ನಿಮ್ಮ ಕೈಯಾಗ ಇತ್ತಲ್ಲ, ಒಳಗ ಬಂದು ಚರಗಿಲೆ ಹಾಕಬಾರದಾಗಿತ್ತ?"

"ನಿಮ್ಮ ಗಿಡಕ್ಕ ನಾ ಮುಟ್ಟಿದ್ರ ನೀವು ಬಂದು ಅದಕ್ಕ ಸ್ನಾನ ಮಾಡಸ್ತೀರಿ. ಎರಡೆರಡು ಸಲ ನೀರು ಬಿದ್ರ ಬೇರು ಕೊಳೀತಾವು. ಅದಕ್ಕ ದೂರ ನಿಂತೆ."

 

ಆ ವಾರದಲ್ಲೇ ಸಾಹೇಬರು ಹೊರಟು ನಿಂತರು. ಊರಲ್ಲಿ ಅವರಿಗೆ ಯಾರೂ ಒಂದು ಮಾತೂ ಅಂದಿರಲಿಲ್ಲ. ಆದರೆ ಸುತ್ತಲಿನ ಊರುಗಳ ಮುಸಲ್ಮಾನರ ಮನೆಗಳಿಂದ ಬರುತ್ತಿದ್ದ ಸುದ್ದಿ ಒಳ್ಳೆಯದಿರಲಿಲ್ಲ, ಮನೆಯಲ್ಲಿ ಹೆಣ್ಣುಮಕ್ಕಳಿದ್ದರು. ಹೈದರಾಬಾದಿನಲ್ಲಿ ಮಾವನ ಮನೆಯಿತ್ತು. ಹೋಗುವಾಗ ಅವರು ಗಿರಣಿಯ ಕೀಲಿ ಗೋಡೆಯ ಮೇಲಿಟ್ಟರು, ಭಾವ ತೆಗೆದುಕೊಂಡರು. ಕೈಗೆ ಕೈ ತಾಕದಂತೆ ಕೊಟ್ಟು ತೆಗೆದುಕೊಳ್ಳುವುದು ಅವರಿಬ್ಬರಿಗೂ ರೂಢಿಯಾಗಿಬಿಟ್ಟಿತ್ತು.

"ಎಂಜಿನ್ ನಿಮ್ಮ ಹವಾಲೆ. ಒಂದೇ ಮಾತು ನೆನಪಿಡ್ರಿ. ಟಾಕಿ ಅರ್ಧ ಖಾಲಿ ಬಿಟ್ರ ಒಳಗ ಬೆವರು ಬಿಡ್ತದ. ಆ ನೀರು ತಳಕ್ಕ ಕೂಡ್ತದ. ನೀರು ಎಣ್ಣಿ ಕೂಡೋ ಜಾಗದಾಗ ಪಾಚಿ ಹುಟ್ತದ. ಪಾಚಿ ಹುಟ್ಟಿತಂದ್ರ ಎಂಜಿನ್ ಉಸಿರು ಕಟ್ಟಿ ಸಾಯ್ತದ. ನೀರು ಮುಟ್ಟಗೊಡಬ್ಯಾಡ್ರಿ."

"ಮುಟ್ಟಗೊಡೂದಿಲ್ಲ. ಯಾವಾಗ ಬರ್ತೀರಿ?"

"ಗಲಾಟಿ ತಣ್ಣಗಾಗಲಿ. ಬಂದ ದಿನ ಒಂದೇ ಹ್ಯಾಂಡಲ್ಲಿಗೆ ಶುರು ಆಗಬೇಕು, ನೋಡ್ರಿ."

ಮುಟ್ಟಗೊಡಬಾರದು ಎಂಬ ಮಾತನ್ನು ನಮ್ಮ ಭಾವನಿಗೆ ಹೇಳುವುದೆಂದರೆ ಮೀನಿಗೆ ಈಜು ಹೇಳಿದಂತೆ. ಮುಟ್ಟದಿರುವುದರಲ್ಲಿ ಅವರು ಪಾರಂಗತರು, ಜೀವಮಾನವಿಡೀ ಅದನ್ನೇ ಅಭ್ಯಾಸ ಮಾಡಿದವರು. ಮರುದಿನದಿಂದ ಟಾಕಿಗೆ ಮಡಿ ಶುರುವಾಯಿತು. ಅದರ ನೆರಳಿಗೆ ಚಪ್ಪರ. ಮುಚ್ಚಳಕ್ಕೆ ಮೇಣದ ಬಟ್ಟೆ. ಕಂಠಪೂರ್ತಿ ತುಂಬಿರಬೇಕು, ಒಂದು ಬೆರಳು ಇಳಿದರೂ ಮತ್ತೆ ತುಂಬಬೇಕು. ತುಂಬುವ ಎಣ್ಣೆಯನ್ನು ಸೋಸಲು ಹುಡುಕಿ ಹುಡುಕಿ ಕೊನೆಗೆ ಅಕ್ಕನ ನಾರಾಯಣಪೇಟೆ ಸೀರೆಗೆ ಕೈ ಹಾಕಿದರು. ಅದರ ನೇಯ್ಗೆ ಅಷ್ಟು ದಟ್ಟವಂತೆ.

"ನನ್ನ ತವರಿನ ಸೀರಿ ಅದು" ಎಂದಳು ಅಕ್ಕ.

"ಹರಿದದ್ದು."

"ಹರಿದಿಲ್ಲ."

"ಹರೀತದ" ಎಂದು ಭಾವ ಭವಿಷ್ಯ ನುಡಿದು ನಾಲ್ಕು ಮಡಿಕೆ ಹಾಕಿದರು.

ಇಷ್ಟೆಲ್ಲ ಮಾಡಿದರೂ ಎಂಜಿನ್ನನ್ನು ಒಂದು ಸಲವೂ ನಡೆಸಲಿಲ್ಲ. ಮಾಲಿಕರಿಲ್ಲದೆ ನಡೆಸುವುದು ಸರಿಯಲ್ಲವಂತೆ. ಕುಡಿಯದ ಎಣ್ಣೆಯನ್ನು ಇಷ್ಟು ಶ್ರದ್ಧೆಯಿಂದ ಕಾದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಹೈದರಾಬಾದಿನಿಂದ ರಾಯಚೂರಿಗೆ ಹೋಗುವ ಬಸ್ಸು ಬರುವ ಹೊತ್ತಿಗೆ ಮಾತ್ರ ಅವರಿಗೆ ಸೋಸುಬಟ್ಟೆ ಒಣಗಿಸುವ ಕೆಲಸ ಬೀಳುತ್ತಿತ್ತು, ಅದೂ ಬಸ್ಸು ನಿಲ್ಲುವ ಬೇವಿನ ಮರದ ಹತ್ತಿರವೇ. ಊರಲ್ಲಿ ಬೇರೆಲ್ಲೂ ಬಿಸಿಲೇ ಬೀಳುತ್ತಿರಲಿಲ್ಲವೋ ಏನೋ. ಬಸ್ಸಿನಿಂದ ಇಳಿಯುವವರನ್ನು ಕೊನೆಯವರೆಗೆ ನೋಡಿ, ಬಟ್ಟೆಯನ್ನು ಹಸಿಯಾಗಿಯೇ ಮಡಿಸಿಕೊಂಡು ಬರುತ್ತಿದ್ದರು.

ಬೇಸಿಗೆಯಲ್ಲಿ ವಿಪತ್ತು ಬಂತು. ನಾನು ಆಗ ಮಕ್ತಲ ತಹಸೀಲಿನಲ್ಲಿ ಗುಮಾಸ್ತ, ಅಕ್ಕನ ಮನೆಯಲ್ಲೇ ಊಟ. ನಮ್ಮ ಕಚೇರಿಯ ಗಿರ್ದಾವರ, ಎಂದರೆ ಹೊಲಮನೆಗಳ ತಪಾಸಣೆಯ ಅಧಿಕಾರಿ, ಒಂದು ದಿನ ನನ್ನನ್ನು ಕರೆದು, "ನಿಮ್ಮ ಭಾವನ ಮನಿ ಬಾಜೂಕಿನ ಗಿರಣಿ ಬೇವಾರಸ ಬಿದ್ದೈತಂತ. ನಡಿಯೋ ಗಿರಣಿ ಇದ್ರ ಹಂಗ ಬಿಡ್ತೀನಿ. ಬಿದ್ದ ಗಿರಣಿ ಇದ್ರ ಹರಾಜು" ಎಂದ. ಗದ್ವಾಲದ ಶೇಂಗಾ ಮಿಲ್ಲಿನ ಸಾವುಕಾರನೊಬ್ಬನಿಗೆ ಎಂಜಿನ್ ಬೇಕಾಗಿದೆ ಎಂಬ ವರ್ತಮಾನ ಗಿರ್ದಾವರನಿಗಿಂತ ಮೊದಲೇ ಊರು ಸೇರಿತ್ತು.

ಗಿರ್ದಾವರ ಬಂದಾಗ ಭಾವ ಗಿರಣಿಯ ಬಾಗಿಲಲ್ಲೇ ನಿಂತಿದ್ದರು, ಒದ್ದೆ ಪಂಚೆಯಲ್ಲಿ.

"ಹಾಂ ಹಾಂ, ಅಲ್ಲೇ ನಿಂದ್ರಿ. ಮಡಿಯೊಳಗಿದ್ದೀನಿ."

"ಗಿರಣಿಯೊಳಗ ಎಂಥಾ ಮಡಿರಿ?"

"ಟಾಕೀದು."

ಗಿರ್ದಾವರ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

"ಶುರು ಮಾಡಿ ತೋರಸ್ರಿ, ಹೋಗ್ತೀನಿ" ಎಂದ ಅವನು.

ಭಾವ ಹನುಮಪ್ಪನನ್ನು ನೆನೆದು ಹ್ಯಾಂಡಲ್ ತಿರುವಿದರು. ಎಂಜಿನ್ ಒಂದು ಸಲ ಕೆಮ್ಮಿತು. ಕರೀ ಹೊಗೆ ಬಿಟ್ಟಿತು. ಮತ್ತೊಂದು ಸಲ ನರಳಿ ಸುಮ್ಮನಾಯಿತು. ಮತ್ತೆ ತಿರುವಿದರು, ನಾನು ತಿರುವಿದೆ, ಕೊನೆಗೆ ಗಿರ್ದಾವರನ ಜವಾನನೂ ಕನಿಕರದಿಂದ ತಿರುವಿದ. ಅದು ಮಿಸುಕಲಿಲ್ಲ.

"ಮುಂದಿನ ಸಂತಿ ದಿನ ಮತ್ತ ಬರ್ತೀನಿ" ಎಂದು ಗಿರ್ದಾವರ ಹೋದ. "ಆವತ್ತೂ ಹಿಂಗ ಆದ್ರ ನನ್ನ ಕೈಯಾಗ ಏನೂ ಇಲ್ಲ, ಆಚಾರ್ರೇ."

ಆ ದಿನ ಭಾವ ಊಟ ಬಿಟ್ಟರು. "ದಿನಾ ನೀರು ತೆಗದೀನಿ. ಕಂಠಮಟ ತುಂಬೀನಿ. ಸಾಹೇಬ್ರು ಬಂದು ಕೇಳಿದ್ರ ಏನಂತ ಮಾರಿ ತೋರಸ್ಲಿ?" ಎಂದು ಕಂಬಕ್ಕೆ ಒರಗಿ ಕೂತರು. ಟಾಕಿಯ ಮುಚ್ಚಳ ತೆಗೆದು ಕೋಲಿಗೆ ಬಟ್ಟೆ ಸುತ್ತಿ ತಳ ಕೆದಕಿದಾಗ ಕಂದು ಬಣ್ಣದ ಲೋಳೆ ಎಳೆ ಎಳೆಯಾಗಿ ಹತ್ತಿಕೊಂಡು ಬಂತು. ಆ ಲೋಳೆಯ ನಡುವೆ, ಬಣ್ಣಗೆಟ್ಟರೂ ಆಕಾರಗೆಡದ ಒಂದು ತುಳಸಿ ದಳ.

ಅಕ್ಕ ಅದನ್ನು ನೋಡಿದಳು. ಭಾವನನ್ನು ನೋಡಿದಳು.

"ದಸರಾದಾಗ ಆಯುಧಪೂಜಿ ಮಾಡಿದ್ರಲ್ಲ, ಟಾಕಿಯೊಳಗ ಏನು ಹಾಕಿದ್ರಿ?"

"ತೀರ್ಥ."

"ಎಷ್ಟು?"

"ಗಿಂಡಿಯೊಳಗ ಉಳಿದದ್ದೆಲ್ಲಾ. ವಿಶೇಷ ದಿನ ಅಂತ."

"ನೀರು ಮುಟ್ಟಗೊಡಬ್ಯಾಡ್ರಿ ಅಂದಿದ್ರು ಸಾಹೇಬ್ರು."

"ತೀರ್ಥಕ್ಕ ನೀರು ಅಂತಾರೇನ?" ಎಂದರು ಭಾವ. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ನಾವು ಅನ್ನೂದಿಲ್ಲ. ಪಾಚಿ ಅಂತದ."

ದಿನಾ ತಳದ ತಿರುಪಿನಿಂದ ನೀರು ತೆಗೆಯುತ್ತಿದ್ದದ್ದು ಖರೆ. ಆದರೆ ಟಾಕಿ ತುಸು ಹಿಂದಕ್ಕೆ ವಾಲಿತ್ತು. ತೀರ್ಥ ಆ ಹಿಂದಿನ ಮೂಲೆಯಲ್ಲಿ ನಿಶ್ಚಿಂತೆಯಿಂದ ಕೂತು ಸಂಸಾರ ಬೆಳೆಸಿತ್ತು. ಲೋಕದಲ್ಲಿ ಎಷ್ಟೋ ಟಾಕಿಗಳು ಅಲಕ್ಷ್ಯದಿಂದ ಪಾಚಿಗಟ್ಟಿರಬಹುದು. ಭಕ್ತಿಯಿಂದ ಪಾಚಿಗಟ್ಟಿದ್ದು ಇದೊಂದೇ.

ಚಿಕಿತ್ಸೆ ಶುರುವಾಯಿತು. ಎಣ್ಣೆಯನ್ನೆಲ್ಲ ಪೀಪಾಯಿಗಳಿಗೆ ಇಳಿಸಿ, ಅಲುಗಾಡಿಸದೆ ತಿಳಿಯಾಗಲು ಬಿಟ್ಟೆವು. ಮೇಲಿನ ತಿಳಿಯನ್ನಷ್ಟೇ ಸೀರೆಯಲ್ಲಿ ಸೋಸಿದೆವು. ಭಾವನ ಭವಿಷ್ಯ ಆಗ ನಿಜವಾಗಿ ಸೀರೆ ಹರಿಯಿತು. ಖಾಲಿ ಟಾಕಿಯನ್ನು ಒಣ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದರು ಭಾವ. ನೀರು ಮುಟ್ಟಿಸದೆ ಪಾತ್ರೆ ತೊಳೆದದ್ದು ಆ ಮನೆತನದಲ್ಲೇ ಮೊದಲ ಸಲವಿರಬೇಕು. ಬೋರಲು ಹಾಕಿ ಮಕ್ತಲಿನ ಬಿಸಿಲಿಗೆ ಬಿಟ್ಟೆವು. ಆ ಬಿಸಿಲಿನಲ್ಲಿ ಪಾಚಿಯಿರಲಿ, ಪಾಪವೂ ಉಳಿಯುವುದಿಲ್ಲ. ಎಣ್ಣೆಯ ನಳಿಗೆಗಳನ್ನೂ ಜಾಲರಿಯನ್ನೂ ಚಿಮಣಿ ಎಣ್ಣೆಯಲ್ಲಿ ಜಾಲಾಡಿಸಿದೆವು. ಕೊನೆಗೆ ಟಾಕಿಯನ್ನು ತಿರುಪಿನ ಕಡೆಗೆ ವಾಲುವಂತೆ, ಕೆಳಗೆ ಹಲಗೆ ಕೊಟ್ಟು ಕೂರಿಸಿದೆವು.

ಉಳಿದ ಲೋಳೆಯದು ದೊಡ್ಡ ಧರ್ಮಸಂಕಟ. ಅದು ಪಾಚಿ, ಚೆಲ್ಲಬೇಕು. ಅದು ತೀರ್ಥ, ತುಳಿಯುವಲ್ಲಿ ಚೆಲ್ಲಬಾರದು. ಭಾವ ಯಾರೂ ತಿರುಗಾಡದ ಕಡೆ ಕಲ್ಲುಬಂಡೆಗಳ ಸಂದಿಯೊಂದನ್ನು ಹುಡುಕಿ, ಸುರಿದು, ಮಣ್ಣು ಮುಚ್ಚಿ, ಕೈಮುಗಿದು ಬಂದರು.

ಸಂತೆಯ ದಿನ ಗಿರ್ದಾವರ ಬಂದ. ಭಾವ ಹ್ಯಾಂಡಲ್ ಹಿಡಿದರು. ಒಂದೇ ಸಲ ತಿರುವಿದರು. ಟುಕ್ ಟುಕ್ ಎಂದು ಎಂಜಿನ್ ಹೊಡೆದುಕೊಂಡಿತು. ಸಂತೆಗೆ ಬಂದ ಹೆಂಗಸರು ಆ ಸದ್ದು ಕೇಳಿ, ಜೋಳದ ಬುಟ್ಟಿ ಹೊತ್ತು ಗಿರಣಿಯ ಮುಂದೆ ಸಾಲಾಗಿ ನಿಂತರು.

"ಸಾಹೇಬ್ರು ಬಂದ್ರೇನ್ರಿ?" ಎಂದು ಮಾಗನೂರಿನ ಒಬ್ಬ ಮುದುಕಿ ಕೇಳಿದಳು.

"ಬರ್ತಾರ" ಎಂದರು ಭಾವ. "ಬುಟ್ಟಿ ಇಳಸ್ರಿ."

ಗಿರ್ದಾವರ ಮಾತಿಗೆ ತಪ್ಪಲಿಲ್ಲ, ನಡೆಯುವ ಗಿರಣಿಯೆಂದು ಬಿಟ್ಟು ಹೋದ. ಅಂದಿನಿಂದ ಪ್ರತಿ ಸಂತೆಗೆ ಗಿರಣಿ ನಡೆಯಿತು. ನಡೆಯುವ ಎಂಜಿನ್ನಿನ ಟಾಕಿಯಲ್ಲಿ ಎಣ್ಣೆ ಹಳೆಯದಾಗುವುದಿಲ್ಲ, ಪಾಚಿಗೆ ಕೂರಲು ಪುರುಸೊತ್ತು ಸಿಗುವುದಿಲ್ಲ ಎಂಬುದನ್ನು ಭಾವ ತಡವಾಗಿ ಕಂಡುಕೊಂಡು, ಶಾಸ್ತ್ರವಾಕ್ಯದಂತೆ ಎಲ್ಲರಿಗೂ ಬೋಧಿಸಿದರು. ಮಡಿ ಮಾತ್ರ ಬಿಡಲಿಲ್ಲ. ಬಸ್ಸಿನ ಹೊತ್ತಿಗೆ ಬಟ್ಟೆ ಒಣಗಿಸುವುದನ್ನೂ ಬಿಡಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ಸಾಹೇಬರು ಚೆನ್ನಾಗಿದ್ದಾರೆ, ಬರುವ ಮನಸ್ಸಿದೆ ಎಂದು ಯಾರ ಯಾರ ಬಾಯಲ್ಲೋ ಸುದ್ದಿ ಬರುತ್ತಿತ್ತು. ಪ್ರತಿ ಸಲ ಸುದ್ದಿ ಬಂದಾಗಲೂ ಭಾವ ಹೋಗಿ ಟಾಕಿಯನ್ನು ಇನ್ನೊಮ್ಮೆ ನೋಡಿ ಬರುತ್ತಿದ್ದರು.

ಹೈದರಾಬಾದಿಗೆ ಸೀರೆ ಮಾರಲು ಹೋಗುತ್ತಿದ್ದ ನಾರಾಯಣಪೇಟೆಯ ವ್ಯಾಪಾರಿಯೊಬ್ಬ ಒಂದು ಮಧ್ಯಾಹ್ನ ಗಿರಣಿಯ ಬಾಗಿಲಿಗೆ ಬಂದ. ಭಾವ ಹಿತ್ತಾಳೆ ಬಟ್ಟಲನ್ನು ಬೆಳಕಿಗೆ ಹಿಡಿದಿದ್ದರು. ವ್ಯಾಪಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆಚಾರ್ರೇ, ಸಾಹೇಬ್ರು ಹೋಗಿಬಿಟ್ರು. ಎದಿ ನೋವಂತ. ಕೊನೀತನಕ ಮಕ್ತಲಕ್ಕ ಹೋಗೋಣು ಅಂತಿದ್ರಂತ" ಎಂದ.

ಭಾವ ಬಟ್ಟಲನ್ನು ಕೆಳಗಿಟ್ಟರು. ಗಿರಣಿಯಿಂದ ನೇರ ಮನೆಯ ಹಿತ್ತಿಲಿಗೆ ಬಂದು, ಬಾವಿಯಿಂದ ಕೊಡ ಸೇದಿ, ಉಟ್ಟ ಪಂಚೆಯ ಮೇಲೆಯೇ ತಲೆಗೆ ಸುರಿದುಕೊಂಡರು. ಸಾವಿನ ಸುದ್ದಿ ಕೇಳಿ ಹಾಗೆ ಉಟ್ಟ ಬಟ್ಟೆಯಲ್ಲಿ ಮೀಯುವುದು ನಮ್ಮಲ್ಲಿ ನೆಂಟರಿಗೆ ಮಾತ್ರ.

ಅಕ್ಕ ಅಡಿಗೆಮನೆಯಿಂದ ಓಡಿ ಬಂದಳು. "ಯಾರದ್ರೀ? ನಮ್ಮವರು ಯಾರು?"

"ಸಾಹೇಬ್ರು."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಭಾವ ಎರಡನೆಯ ಕೊಡ ಸೇದಿದರು.

"ಇನ್ನ ಗುಡಿಗೆ ಹೋಗೂದಿಲ್ಲ. ಟಾಕಿನೂ ಮುಟ್ಟೂದಿಲ್ಲ. ಸೂತಕ ಬಂದದ."

"ಎಷ್ಟು ದಿನದ್ದು?" ಎಂದು ಕೇಳಿದಳು ಅಕ್ಕ, ಮೆಲ್ಲಗೆ.

"ಒಡಹುಟ್ಟಿದ ತಮ್ಮಗ ಎಷ್ಟೋ, ಅಷ್ಟು."

ಭಾವನ ಜೊತೆ ಎಲ್ಲದಕ್ಕೂ ವಾದ ಹೂಡುವ ನಮ್ಮಕ್ಕ ಇದಕ್ಕೆ ಏನಾದರೂ ಅಂದಾಳೆಂದು ನಾನು ಕಾದೆ. ಅವಳು ಮೆಟ್ಟಿಲಿಳಿದು ಬಾವಿಕಟ್ಟೆಗೆ ಬಂದು, ಗಂಡನ ಕೈಯಿಂದ ಹಗ್ಗ ತೆಗೆದುಕೊಂಡಳು.

"ನಿಮಗ ಬಂದದ್ದು ನನಗೂ ಬರ್ತದ" ಎಂದು ಮೂರನೆಯ ಕೊಡ ಸೇದಿ, ತನ್ನ ತಲೆಯ ಮೇಲೆ ಸುರಿದುಕೊಂಡಳು.