ಗೊಂಬೆಗೆ ಕಣ್ಣು ಬರೆಯುವವನ ಲೇಸರ್

ಕಣ್ಣಿನ ದೆಸೆಯಿಂದ ನಗೆಪಾಟಲಾಗುವುದು ನನಗೆ ಹೊಸದಲ್ಲ. ಕನ್ನಡಕ ಇದ್ದಾಗಲೂ ಆಗುತ್ತಿತ್ತು, ಹೋದ ಮೇಲೂ ನಿಂತಿಲ್ಲ.

೧. ಅರ್ಧ ಮಾತು

ಚನ್ನಪಟ್ಟಣದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಮರದ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದೆ. ಕನ್ನಡಕ ಹಣೆಗೇರಿಸಿ, ಗೊಂಬೆಯನ್ನು ಮೂಗಿನ ಹತ್ತಿರ ಹಿಡಿದರೆ ಒಂದೊಂದು ರೆಪ್ಪೆಯೂ ನಿಚ್ಚಳ. ಆದರೆ ಊರವರ ಬಾಯಲ್ಲಿ ನಾನು ಸೋಡಾಬುಡ್ಡಿ. ನಲವತ್ನಾಲ್ಕನೇ ವಯಸ್ಸಿಗೆ ರೋಷ ಬಂತು, ಬೆಂಗಳೂರಿಗೆ ಹೋದೆ.

"ಲೇಸರ್ ಮಾಡಿದ್ರೆ ದೂರದ್ದು ಚೆನ್ನಾಗಿ ಕಾಣುತ್ತೆ. ಆದ್ರೆ ಈ ವಯಸ್ಸಲ್ಲಿ ಹತ್ತಿರದ್ದಕ್ಕೆ ಕನ್ನಡಕ ಬೇಕಾಗುತ್ತೆ. ನಿಮ್ಮ ಕೆಲಸಕ್ಕೆ ತೊಂದ್ರೆ, ಯೋಚ್ನೆ ಮಾಡಿ" ಎಂದರು ಡಾಕ್ಟರು.

"ಡಾಕ್ಟ್ರು ಏನಂದ್ರು?" ಎಂದು ಹೆಂಡತಿ ಕೇಳಿದಳು.

"ದೂರದ್ದೆಲ್ಲ ಚೆನ್ನಾಗಿ ಕಾಣ್ತದಂತೆ" ಎಂದೆ.

೨. ಕೂಟಗಲ್ ಮಾವ

ಕೂಟಗಲ್ ಊರಿನ ಈ ಮಾವ ಮಾತಿಗೆ ಕೂತರೆ ಬಿಡುವವರಲ್ಲ. ಮೊದಲೆಲ್ಲ ಎದುರಾದರೆ ಕನ್ನಡಕ ಒರೆಸುತ್ತಾ ದಾಟಿಬಿಡುತ್ತಿದ್ದೆ. ಲೇಸರ್ ಆದ ತಿಂಗಳಿಗೆ ಬಸ್‌ಸ್ಟ್ಯಾಂಡಿನ ಆ ತುದಿಯಿಂದಲೇ ಕೈ ಬೀಸಿದರು.

"ಕಣ್ಣು ಸರಿ ಮಾಡುಸ್ಕಂಡ್ಯಂತೆ. ಇನ್ಮೇಲೆ ಕಾಣ್ನಿಲ್ಲ ಅನ್ನಂಗಿಲ್ಲ ಕಣ್ಲಾ. ಕುಂತ್ಕೋ, ಒಸಿ ಮಾತೈತೆ."

ಅವರ ಮಂಡಿನೋವಿನ ಕಥೆ ಮುಗಿಯುವಷ್ಟರಲ್ಲಿ ಮೂರು ಬಸ್ಸು ಹೋದವು. ಮೂರರ ಬೋರ್ಡನ್ನೂ ಕೂತಲ್ಲಿಂದಲೇ ಓದಿದೆ.

೩. ಉದ್ದದ ಕೈ

ಕೆಲಸಕ್ಕೆ ಕೂತಾಗ ಗೊತ್ತಾಯಿತು. ಗೊಂಬೆಯ ಮುಖ ಪೂರಾ ಮಸುಕು. ಹತ್ತಿರದ ಕನ್ನಡಕ ಮಾಡಿಸಿದೆ, ಅದರಲ್ಲೂ ಮೊದಲಿನಂತೆ ಮೂಗಿನ ಬಳಿ ಹಿಡಿದರೆ ಕಾಣದು. ಕೈ ಚಾಚಿ ಹಿಡಿದು ಬರೆದೆ. ಯಜಮಾನರು ಬಂದು ನಿಂತರು.

"ಅಷ್ಟು ದೂರ ಯಾಕ್ಲಾ ಹಿಡ್ದಿದ್ದೀಯ? ಜಗಳ ಆಡಿದ್ದೀರಾ ಇಬ್ರೂ?"

ಗೊಂಬೆ ತಿರುಗಿಸಿ ತೋರಿಸಿದೆ. ಒಂದು ಕಣ್ಣು ಕೆನ್ನೆಗಿಳಿದಿತ್ತು. ಅವರು ಗೊಂಬೆಯನ್ನು ಕೈಗೆ ತೆಗೆದುಕೊಂಡು, "ಜಗಳ ಜೋರಾಗೇ ಆಗೈತೆ" ಎಂದರು.

೪. ನನ್ನ ಜಾಗ

ಈಗ ನನ್ನದು ಆಟದ ರೈಲಿನ ಚಕ್ರಕ್ಕೆ ಬಣ್ಣ ಹಚ್ಚುವ ಕೆಲಸ. ನನ್ನ ಜಾಗದಲ್ಲಿ, ನನಗಿಂತ ದಪ್ಪ ಕನ್ನಡಕದ ಹೆಣ್ಣುಮಗಳೊಬ್ಬಳು ಕೂತಿದ್ದಾಳೆ. ಅವಳು ಕನ್ನಡಕ ಹಣೆಗೇರಿಸಿ ಕುಂಚ ಎತ್ತಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಡಾಕ್ಟರು ಬಿಡಿಸಿ ಹೇಳಿದ್ದರಲ್ಲ, ಯಾರನ್ನು ಬೈಯಲಿ?

ಅವಳಾದರೂ ಉಳಿಯಲಿ ಎಂದು ಒಂದು ದಿನ ಹತ್ತಿರ ಹೋದೆ. "ತಾಯಿ, ಯಾರು ಏನೇ ಅಂದ್ರೂ ಲೇಸರ್ ಮಾತ್ರ ಮಾಡುಸ್ಬ್ಯಾಡ."

ಅವಳು ಕುಂಚ ಕೆಳಗಿಡಲಿಲ್ಲ.

"ನಿಮ್ಮ ಕಣ್ಣು ನೋಡಿ ಮಾಡುಸ್ಬೇಕು ಅನ್ಕಂಡಿದ್ದೆ ಅಣ್ಣಾ. ಆಮ್ಯಾಕೆ ನೀವು ಬರ್ದ ಕಣ್ಣು ನೋಡ್ದೆ, ಬುಟ್ಬುಟ್ಟೆ."