ನಾನೇ ಕಟ್ಟಿಟ್ಟ ಬದನೆಬೀಜ

ಪಾಠ ಹೇಳುವವರಿಗೆ ಒಂದು ಜಾಡ್ಯವಿದೆ. ಪಾಠವೇನಿದ್ದರೂ ಕೇಳುವವರಿಗೆ, ತಮಗಲ್ಲ ಎಂದೇ ತಿಳಿದಿರುತ್ತಾರೆ. ಕರಿದ ತಿಂಡಿಯ ಕೇಡಿನ ಬಗ್ಗೆ ಒಂದು ತಾಸು ಭಾಷಣ ಮಾಡಿ ಇಳಿದವರು ರಾಯಚೂರಿನ ಸ್ಟೇಷನ್ ರಸ್ತೆಯ ಮಿರ್ಚಿ ಬಂಡಿಯ ಮುಂದೆ ನಿಂತದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕಂಡದ್ದು ಹೇಗೆಂದರೆ, ನಾನೂ ಅಲ್ಲೇ ನಿಂತಿರುತ್ತೇನೆ. 'ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ' ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿತೋ ಏನೋ. ನನ್ನ ಮಾನ ಹೋಗಲಿಕ್ಕಿದ್ದದ್ದೂ ಬದನೆಕಾಯಿಯಿಂದಲೇ.

ನಾನು ರಾಯಚೂರಿನ ಒಂದು ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ತವರು ದೇವದುರ್ಗದ ಕಡೆಯ ಜಾಲಹಳ್ಳಿ, ಅತ್ತೆಮನೆ ಮಾನ್ವಿ. ನಮ್ಮ ಅತ್ತೆ ಜನ್ಮದಲ್ಲಿ ಅಂಗಡಿಯಿಂದ ಬೀಜ ತಂದವರಲ್ಲ. ಚೆಂದದ ಕಾಯಿಯೊಂದನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೊಳೆದು, ಬೂದಿ ಹಚ್ಚಿ ಒಣಗಿಸಿ, ಹಳೆ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಅಡುಗೆಮನೆಯ ಗೂಟಕ್ಕೆ ತೂಗುಹಾಕುತ್ತಾರೆ. ಮನೆಯ ಬೀಗದ ಕೈ ಯಾರಾದರೂ ಮುಟ್ಟಬಹುದು, ಆ ಗಂಟುಗಳನ್ನು ಮುಟ್ಟುವಂತಿಲ್ಲ.

ಹೋದ ವರ್ಷ ನಾನೊಂದು ಹೈಬ್ರಿಡ್ ಬದನೆಬೀಜದ ಪ್ಯಾಕೆಟ್ ಒಯ್ದು ಕೊಟ್ಟೆ. ಅತ್ತೆ ಮೂಗು ಮುರಿದರೂ ಹಿತ್ತಲಲ್ಲಿ ಹಚ್ಚಿದರು. ಕಾಯಿ ಬಿಟ್ಟವು ನೋಡಿ, ಎಲ್ಲವೂ ಗುಂಡಗೆ, ನೇರಳೆ ಬಣ್ಣ, ಒಂದೇ ಅಳತೆ. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂಥವು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಂಡವರೆಲ್ಲ ಬೆರಳು ಚೀಪಿದರು. ಊಟ ಮುಗಿದ ಮೇಲೆ ಅತ್ತೆ ಒಂದು ಅರಿವೆ ಚೂರು ನನ್ನ ಕೈಗಿಟ್ಟು, "ಈ ಸಲ ಬದನಿ ಬೀಜ ನೀನಽ ಕಟ್ಟವಾ. ಓದಿದಾಕಿ, ನನಗಿಂತ ನಿನಗ ಚೊಲೊ ತಿಳೀತದ" ಎಂದರು. ನನಗೆ ಕಣ್ಣು ತುಂಬಿತು. ಪಿಎಚ್.ಡಿ. ಬಂದಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಗಿಡದಲ್ಲೇ ಹಣ್ಣಾಗಿದ್ದವುಗಳಲ್ಲಿ ಚೆಂದದ ಕಾಯಿ ಹುಡುಕಿ, ಬೀಜ ತೆಗೆದು, ಬೂದಿ ಹಚ್ಚಿ ಗಂಟು ಕಟ್ಟಿದೆ.

ಅದೇ ವಾರ ಕಾಲೇಜಿನಲ್ಲಿ ನಾನು ಹೇಳುತ್ತಿದ್ದ ಪಾಠ ಕೇಳಿ. ಪ್ರತಿ ಗುಣಕ್ಕೂ ಜೀನುಗಳು ಜೋಡಿಯಾಗಿ ಇರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಪರಾಗ, ಅಂಡ ಇತ್ಯಾದಿ ಲಿಂಗಾಣುಗಳು ತಯಾರಾಗುವಾಗ ಈ ಜೀನುಗಳನ್ನು ಹೊತ್ತ ವರ್ಣತಂತುಗಳ ಜೋಡಿ ಒಡೆದು ಒಂದೊಂದಕ್ಕೆ ಒಂದೊಂದೇ ಹೋಗುತ್ತದೆ. ಬೇರೆ ಬೇರೆ ತಳಿಯ ತಂದೆತಾಯಿಗೆ ಹುಟ್ಟಿದ ಹೈಬ್ರಿಡ್ ಮೊದಲ ಪೀಳಿಗೆಯಲ್ಲಿ ಎಲ್ಲ ಒಂದೇ ಥರ ಕಂಡರೂ, ಅವುಗಳ ಬೀಜ ಬಿತ್ತಿದರೆ ಅಡಗಿದ್ದ ಗುಣಗಳೆಲ್ಲ ಹೊರಬೀಳುತ್ತವೆ. ಇದನ್ನು ಹಲಗೆಯ ಮೇಲೆ ಚೌಕ ಹಾಕಿ ತೋರಿಸಿದ ಕೈಯಲ್ಲಿ ಇನ್ನೂ ಬೂದಿಯ ವಾಸನೆ ಇತ್ತು. ಆದರೂ ತಲೆಗೆ ಹೊಳೆಯಲಿಲ್ಲ.

ಈ ವರ್ಷ ನಮ್ಮ ಅವ್ವನೂ ಎಳ್ಳಮಾವಾಸ್ಯೆಗೆ ಮಾನ್ವಿಗೆ ಬರುವವಳಿದ್ದಳು. ಬೀಗರ ಮುಂದೆ ಮಗಳ ಹೆಸರು ಮೆರೆಯಲೆಂದು, "ಯವ್ವಾ, ನಾನಽ ಕಟ್ಟಿದ ಬೀಜದ ಎಣ್ಣಿಗಾಯಿ ಉಣ್ಣುವಿಯಂತ ಬಾ" ಎಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಹಬ್ಬದ ಹಿಂದಿನ ದಿನ ಮಾನ್ವಿಯ ಬಸ್ಸಿಳಿದು ಮನೆಗೆ ಹೋದರೆ ಅತ್ತೆ ನೀರು ಕೊಡುವ ಮೊದಲೇ ಹಿತ್ತಲಿಗೆ ಕರೆದೊಯ್ದರು. "ನಿನ್ನ ಬೆಳಿ ನೋಡು ಬಾ."

ಮೊದಲ ಗಿಡದಲ್ಲಿ ಉದ್ದನೆಯ ಹಸಿರು ಕಾಯಿ. ಎರಡನೆಯದರಲ್ಲಿ ಬೆಳ್ಳಗಿನ ಮೊಟ್ಟೆಯಂಥವು. ಮೂರನೆಯದು ಬಣ್ಣವೇನೋ ಸರಿ, ತೊಟ್ಟಿಗೆ ಕೈ ಹಚ್ಚಿದರೆ ಮುಳ್ಳು. ನಾಲ್ಕನೆಯದಕ್ಕೆ ಪಟ್ಟೆ. ಗುಂಡನೆಯ ನೇರಳೆ ಕಾಯಿಗಳೂ ಇದ್ದವು, ಹುಡುಕಿದರೆ. ನನ್ನ ಕರಿಹಲಗೆಯೇ ಹಿತ್ತಲಲ್ಲಿ ಕಾಯಿ ಬಿಟ್ಟು ನಿಂತಿತ್ತು.

"ಅಂಗಡಿಯಾವ ಮೋಸ ಮಾಡ್ಯಾನೇನವಾ?" ಅತ್ತೆ ಕೇಳಿದರು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ 'ಹೌದು' ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗೂಟದ ಗಂಟು ನಂಬಿ ಕೊಟ್ಟವರ ಮುಂದೆ ಸುಳ್ಳಾಡಲು ಮನಸ್ಸಾಗಲಿಲ್ಲ.

"ಇಲ್ರೀ ಅತ್ತಿ, ತಪ್ಪು ನಂದಽ" ಎಂದು ಬಾವಿಕಟ್ಟೆಯ ಮೇಲೆ ಕೂತು, ಜೋಡಿ, ಒಡೆಯುವುದು, ಹಂಚಿಹೋಗುವುದು ಎಲ್ಲ ಹೇಳಿದೆ. ಅತ್ತೆ ಸಮಾಧಾನದಿಂದ ಕೇಳಿ ಅಂದರು: "ಅಂದ್ರ ಅಣ್ಣತಮ್ಮರು ಬ್ಯಾರಿ ಆದಂಗ ಅನ್ನು. ಜೋಡಿ ಕೊಡ ಇದ್ರ ಒಂದು ಅವಗ, ಒಂದು ಇವಗ. ಜೋಡಿ ತಾಟಿನಾಗ ಒಂದು ಅವಗ, ಒಂದು ಇವಗ. ಅಪ್ಪ ತಂದಿದ್ದು ಯಾರಿಗೆ ಬಂತು, ಅವ್ವನ ತವರಿಂದು ಯಾರಿಗೆ ಹೋತು, ಅದು ಅವರವರ ಹಣೇಬರ."

ನಾನು ಎರಡು ಪೀರಿಯಡ್ ತೆಗೆದುಕೊಂಡು ಹೇಳುವುದು ಅಷ್ಟೇ ಇತ್ತು.

"ಎಲ್ಲಾ ತಿಳಿದಿತ್ತು, ಮತ್ತ ಯಾಕ ಕಟ್ಟಿದಿ?" ಎಂದರು. ನಾನು ಬುಟ್ಟಿ ತಂದು ಕಾಯಿ ಕೊಯ್ಯತೊಡಗಿದೆ.

ಮರುದಿನ ಅವ್ವನೂ ಬಂದಳು; ಹೊಲದಲ್ಲಿ ಬುತ್ತಿ ಬಿಚ್ಚುವಾಗ ನಾನು ಆಕೆಯ ಹಿಂದೆ ಸರಿದು ಕೂತೆ. ನೋಡಿದರೆ ಅತ್ತೆ ನಸುಕಿನಲ್ಲೇ ಎದ್ದು ಉದ್ದನೆಯವನ್ನು ಸುಟ್ಟು ಚಟ್ನಿ ಮಾಡಿದ್ದರು, ಬಿಳಿಯವು ಪಲ್ಯವಾಗಿದ್ದವು, ಗುಂಡನೆಯವು ಎಣ್ಣೆಗಾಯಿ. ಅವ್ವ ಸಜ್ಜೆ ರೊಟ್ಟಿ ಮುರಿದು ಮೂರನ್ನೂ ಸವಿದು, "ಯಪ್ಪಾ, ಒಂದಽ ಗಂಟಿನ ಬೀಜದಾಗ ಇಷ್ಟು ನಮೂನಿ ಏನ್ರಿ ಬೀಗರ!" ಎಂದು ಬೆರಗಾದಳು.

ಅತ್ತೆ ಸೆರಗಿನಲ್ಲಿ ನಗೆ ಮುಚ್ಚಿಕೊಂಡು, "ಹೌದ್ರಿ, ನಿಮ್ಮ ಮಗಳು ಭಾಳ ಓದ್ಯಾಳ. ಬೇಕಂತಽ ಹಂಗ ಬೆಳಿಸ್ಯಾಳ" ಎಂದರು. ಅವ್ವನ ಮುಖ ಅರಳಿತು. ನನಗೆ ಅತ್ತೆಯ ಕಾಲು ಹಿಡಿಯಬೇಕೆನ್ನಿಸಿತು, ಕೈಯಲ್ಲಿ ಎಣ್ಣೆಗಾಯಿ ಇತ್ತು. ಸಂಜೆ ಹೊರಟಾಗ ಅವರು ಮತ್ತೊಂದು ಅರಿವೆ ಚೂರು ಕೊಟ್ಟು, "ಮುಂದಿನ ವರ್ಷಾನೂ ನೀನಽ ಕಟ್ಟು. ಆದ್ರ ನನ್ನ ಹಳೆ ಬದನಿದು" ಎಂದರು. ಬಸ್ಸಿನಲ್ಲಿ ರಾಯಚೂರಿನವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದೆ, ಒಬ್ಬಳೇ ನಗುತ್ತ.

ಹಬ್ಬ ಕಳೆದು ಕಾಲೇಜಿಗೆ ಹೋದಾಗ ಮಕ್ಕಳಿಗೆ ಆ ಪಾಠವನ್ನೇ ಮತ್ತೊಮ್ಮೆ ಓದಿಸಿದೆ. ಉದಾಹರಣೆಗೆಂದು, 'ಮಾನ್ವಿಯಲ್ಲಿ ಒಬ್ಬ ಹೆಣ್ಣುಮಗಳು' ಎಂದು ಶುರುಮಾಡಿ ಬದನೆಯ ಕಥೆಯನ್ನೆಲ್ಲ ಹೇಳಿದೆ. ತರಗತಿ ನಕ್ಕು ಸುಸ್ತಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮರುಗಿದಳು.

"ಪಾಪ ರೀ ಮೇಡಂ. ಅವರಿಗೆ ನಿಮ್ಮಂಥೋರು ಒಬ್ಬರು ಪಾಠ ಹೇಳಿದ್ರ ಹಂಗ ಆಗ್ತಿರಲಿಲ್ಲ."

"ಹೇಳಿದ್ದೆನವಾ," ಎಂದೆ, "ಆಕಿ ಕ್ಲಾಸಿನಾಗ ಲಕ್ಷ್ಯ ಕೊಡಂಗಿಲ್ಲ."