ಭಾವನವರ ಹಲ್ಲು ಮೂಡದ ಭಾಷೆ

ನಮ್ಮ ಅಕ್ಕನ ಗಂಡನಷ್ಟು ತೃಪ್ತ ಮನುಷ್ಯ ಬಳ್ಳಾರಿಯಲ್ಲಿ ಇನ್ನೊಬ್ಬರಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ!

ಕೆಲಸಕ್ಕಿದ್ದ ಗಣಿ ಆಫೀಸು ಮುಚ್ಚಿದ ಮೇಲೆ ಭಾವ ಕೌಲ್ ಬಜಾರಿನ ಮನೆಯಲ್ಲೇ ಕೂತು ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಾರೆ. ಅದಕ್ಕೆ ಗಟ್ಟಿಮುಟ್ಟಾದ ಹಳೆಯ ಭಾಷೆಗಳಿಗೇನು ಬರವೇ? ಇವರು ಮನಸ್ಸು ಕೊಟ್ಟಿದ್ದು ಇನ್ನೂ ಹಲ್ಲು ಮೂಡದ ಒಂದು ಹೊಸ ಭಾಷೆಗೆ. ಇವತ್ತು ಅದರಲ್ಲಿ ಬರೆದದ್ದು ಮುಂದಿನ ಆವೃತ್ತಿಯಲ್ಲಿ ನಡೆಯುವುದಿಲ್ಲ.

"ಮತ್ತ ಕೈ ಕೊಟ್ಟೈತೇನ್ರಿ?" ಎಂದು ಅಕ್ಕ ಕೇಳಿದರೆ, "ಕೈ ಕೊಟ್ಟಿಲ್ಲ, ಬೆಳ್ಯಾಕತ್ತೈತಿ" ಎಂದು ನಗುತ್ತಾರೆ. ಆ ಭಾಷೆಯನ್ನು ಕಟ್ಟುವವರು ಒಮ್ಮೆ, ಬಳಸುವವರಿಗೆ ತೃಪ್ತಿಯಿದೆಯೇ ಎಂದು ಇಂಟರ್ನೆಟ್ಟಿನಲ್ಲಿ ವಿಚಾರಿಸಿದ್ದರು. ಪ್ರೋಗ್ರಾಂ ಕೆಟ್ಟು ಕೂತ ದಿನವೇ ಭಾವ 'ಪೂರ್ತಿ ತೃಪ್ತಿ' ಎಂದು ಒತ್ತಿ ಊಟಕ್ಕೆ ಎದ್ದರು!

ಜನ ಹೊಸ ಗಾಡಿ ತಂದರೆ ಕುರುಗೋಡು ಬಸವಣ್ಣನಿಗೆ ಕಾಯಿ ಒಡೆಸುತ್ತಾರೆ. ಭಾವ ಹೊಸ ಆವೃತ್ತಿ ಬಂದಾಗಲೆಲ್ಲ ಲ್ಯಾಪ್‌ಟಾಪ್ ಬಗಲಿಗೇರಿಸಿ ಕುರುಗೋಡು ಬಸ್ಸು ಹತ್ತುತ್ತಾರೆ. ಪೂಜಾರಿಗಳು ಪಾಪ, ಅದಕ್ಕೂ ವಿಭೂತಿ ಹಚ್ಚಿ ಕಳಿಸುತ್ತಾರೆ.

ಉಳಿದಿದ್ದ ಗಿರಾಕಿ ಸಿರುಗುಪ್ಪದ ಒಂದೇ ಒಂದು ಅಕ್ಕಿ ಮಿಲ್ಲು. ಭತ್ತದ ಟ್ರ್ಯಾಕ್ಟರುಗಳ ತೂಕ ದಾಖಲಾಗುವುದು ಭಾವನ ಪ್ರೋಗ್ರಾಮಿನಲ್ಲಿ. ಅದೂ ಕೈತಪ್ಪಿದರೆ ಮನೆ ನಡೆಯುವುದು ಹೇಗೆ ಎಂದು ಅಕ್ಕನಿಗೆ ಸದಾ ಚಿಂತೆ. ಸರಿಯಾಗಿ ಸುಗ್ಗಿಯಲ್ಲೇ ಹೊಸ ಆವೃತ್ತಿ ಬರಬೇಕೆ! ಭಾವ ಕುರುಗೋಡು ಮುಗಿಸಿ, ನೇರವಾಗಿ ಮಿಲ್ಲಿಗೇ ಹೋಗಿ ಅದನ್ನು ಹಾಕಿ ಬಂದರು. ಮರುದಿನ ಬೆಳಿಗ್ಗೆ ಮಾಲೀಕರ ಫೋನು. ತೂಕ ದಾಖಲಾಗುತ್ತಿಲ್ಲ, ಟ್ರ್ಯಾಕ್ಟರುಗಳು ರಸ್ತೆಯವರೆಗೆ ನಿಂತಿವೆ.

ಭಾವನೂ ನಾನೂ ಸಿರುಗುಪ್ಪಕ್ಕೆ ಓಡಿದೆವು. "ಹಾಕೂ ಮೊದ್ಲು ಒಮ್ಮಿ ಓಡಿಸಿ ನೋಡಿದ್ದಿಲ್ಲೇನ್ರಿ ಭಾವಾ?" ಎಂದು ಬಸ್ಸಿನಲ್ಲಿ ಕೇಳಿದೆ.

"ಕಾಯಿ ಒಡಿಸಿದ್ನಲ್ಲೋ."

ಮಿಲ್ಲಿನಲ್ಲಿ ಮಾಲೀಕರು ಬೈಯಲಿಲ್ಲ. ನನಗೆ ಅದೇ ಹೆದರಿಕೆ. "ನಿಮ್ಮ ಹೊಸಾದು ಸಾಕ್ರಿ. ಮೊದಲಿನ ಹಳೇದನ್ನ ಹಾಕ್ರಿ, ಇಲ್ಲಾಂದ್ರ ಬ್ಯಾರೇದವ್ರನ್ನ ನೋಡ್ಕೊಂತೀವಿ" ಎಂದರು.

ಭಾವ ಹೊರಗಿನ ಸಾಲು ನೋಡಿದರು. "ಹಾಕ್ತೀನ್ರಿ. ಇನ್ನ ಆ ಹೊಸ ಭಾಷಿ ಮುಟ್ಟಂಗಿಲ್ಲ" ಎಂದು, ಹಿಂದೆ ಮಿಲ್ಲಿಗೆಂದು ಹಳೆಯ ಭಾಷೆಯೊಂದರಲ್ಲಿ ತಾವೇ ಬರೆದದ್ದನ್ನು ಮತ್ತೆ ಕೂಡಿಸಿಕೊಟ್ಟರು. ಟ್ರ್ಯಾಕ್ಟರುಗಳು ಕದಲಿದವು. ನನಗೆ ಹೋದ ಜೀವ ಬಂತು. ಬಳ್ಳಾರಿ ಮುಟ್ಟುವ ತನಕ ಭಾವ ಲ್ಯಾಪ್‌ಟಾಪನ್ನು ಕಾಲ ಬಳಿ ಇಟ್ಟು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದರು.

"ಅಕ್ಕಾ, ಮಿಲ್ಲು ಉಳೀತು! ಹೊಸ ಭಾಷಿ ಕಾಟ ಇವತ್ತಿಗಿ ಮುಗೀತು" ಎಂದು ನಾನು ಬಾಗಿಲಲ್ಲೇ ಸಾರಿದೆ. ಅಕ್ಕ ಖುಷಿಪಡಲಿಲ್ಲ. ಮಂಕಾಗಿ ಕುರ್ಚಿಯಲ್ಲಿ ಕೂತ ಭಾವನ ಮುಂದೆ ನೀರಿನ ಚೊಂಬು ಇಟ್ಟಳು.

"ಮಿಲ್ಲಿಗಿ ಹಳೇದ ಇರ್ಲಿ. ಮನಿಯಾಗ ಹೊಸಾದನ್ನ ಬಿಡಬ್ಯಾಡ್ರಿ" ಎಂದಳು. "ಗಣಿ ಆಫೀಸು ಮುಚ್ಚಿದ ಮ್ಯಾಲೆ ನೀವು ನಕ್ಕಿದ್ದು ಅದು ಬಂದ ಮ್ಯಾಲೇನ. ನೀವು ನಗಲಾರದ ಮನಿಯಾಗ ಮತ್ತ ಇರಾಕ ನನ್ನಿಂದ ಆಗಂಗಿಲ್ರಿ."